ಎರಡು ಫಿನ್‌ನ ಈ ವಿಮಾನ ಯಾವುದು? ಹಳೇ ಫೋಟೋ ನೋಡಿ ಗುರುತಿಸುವವರು ಬನ್ನಿ

ಹಳೇಪ್ರಿಂಟ್
ಎಲ್ಲರಿಗೂ ನಮಸ್ಕಾರ. ಹಳೇ ಫೋಟೋಗಳ ಕಟ್ಟಿನಲ್ಲಿ ಈ ಪ್ರಿಂಟ್ ಸಿಕ್ಕಿತು. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು-ಬಿಳುಪು. ಎರಡು ಎಂಜಿನ್‌ನ ಲೋಹದ ವಿಮಾನ, ಮೂಗು ಎಡಕ್ಕಿದೆ. ಬಾಲದಲ್ಲಿ ನೆಟ್ಟಗೆ ನಿಂತಿರುವ ಹಲಗೆ, ಅಂದರೆ ಫಿನ್, ಒಂದಲ್ಲ, ಎರಡು. ರೆಕ್ಕೆಯ ಈಚೆ ಕೋಟು ಹಾಕಿದ ಒಬ್ಬರು ನಿಂತಿದ್ದಾರೆ. ಅವರ ಹಿಂದೆ ಒಂದೋ ಎರಡೋ ಕಿಟಕಿ ಮರೆಯಾಗಿರಬೇಕು. ಬಾಲದ ಮೇಲೆ ಎನ್, ಸಿ ಎಂಬ ಅಕ್ಷರ ಇವೆ, ಆಮೇಲೆ 1, ಮುಂದಿನದೆಲ್ಲ ಮಸುಕು. ಹಿಂಬದಿಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ "ಡಿಸಿ-3" ಎಂದು ಬರೆದಿದ್ದಾರೆ. ನನಗ್ಯಾಕೋ ಹಾಗನ್ನಿಸುತ್ತಿಲ್ಲ.

ರೆಕ್ಕೆಬಾಲ
ಡಿಸಿ-3 ಖಂಡಿತ ಅಲ್ಲ. ಅದಕ್ಕೆ ಒಂದೇ ಫಿನ್. ಹಿಂಬದಿ ಬರಹವನ್ನು ಸದ್ಯಕ್ಕೆ ಮರೆತುಬಿಡಿ. ಎರಡು ಎಂಜಿನ್ ಕಂಡರೆ ಸಾಕು, ಡಿಸಿ-3 ಎಂದು ಬರೆಯುವ ಚಟ ಬಹಳ ಜನಕ್ಕಿತ್ತು.

ಯುದ್ಧಕಾಲದಲ್ಲಿ ಅಮೆರಿಕದವರು ವಿಮಾನ ಗುರುತಿಸಲು ಕಲಿಸುತ್ತಿದ್ದ ಕ್ರಮ ಈಗಲೂ ಕೆಲಸಕ್ಕೆ ಬರುತ್ತದೆ: ಮೊದಲು ರೆಕ್ಕೆ, ಆಮೇಲೆ ಎಂಜಿನ್, ಆಮೇಲೆ ಮೈ, ಕೊನೆಗೆ ಬಾಲ. ಅಕ್ಷರ, ಬಣ್ಣ, ಚಿಹ್ನೆ ಎಲ್ಲ ಅದಾದ ಮೇಲೆ. ಬಣ್ಣ ಬಳಿಯುವುದು ಒಂದು ದಿನದ ಕೆಲಸ. ರೆಕ್ಕೆಯ ಜಾಗ ಬದಲಿಸಲು ಆಗುವುದಿಲ್ಲ.

ನಿಮ್ಮದರಲ್ಲಿ ರೆಕ್ಕೆ ಒಂದೇ ಜೊತೆ, ಕೆಳಗಿದೆ. ಎಂಜಿನ್ ಎರಡು, ಗುಂಡಗಿನ ಕೌಲಿಂಗ್ (ಎಂಜಿನ್ ಮುಚ್ಚಿಗೆ), ಅಂದರೆ ಸಿಲಿಂಡರ್‌ಗಳು ಚಕ್ರದಂತೆ ಸುತ್ತ ಕೂತಿರುವ ರೇಡಿಯಲ್ ಎಂಜಿನ್. ಮೈ ಲೋಹದ್ದು. ಫಿನ್ ಎರಡು. ಬೋಯಿಂಗ್ 247 ಕೂಡ ಇಲ್ಲಿಗೆ ಹೊರಗೆ ಹೋಯಿತು, ಅದಕ್ಕೂ ಒಂದೇ ಫಿನ್. ಅಮೆರಿಕದ ಲೆಕ್ಕದಲ್ಲಿ ಉಳಿಯುವುದು ಮುಖ್ಯವಾಗಿ ಲಾಕ್‌ಹೀಡ್‌ನ 10, 12, 14, 18 ಮತ್ತು ಬೀಚ್ 18. ಈಗ ಒಂದೇ ಪ್ರಶ್ನೆ: ಅಡ್ಡಲಾಗಿರುವ ಟೇಲ್‌ಪ್ಲೇನ್ ಫಿನ್‌ಗಳ ಹತ್ತಿರವೇ ಮುಗಿಯುತ್ತದಾ, ಇಲ್ಲ ಫಿನ್ ದಾಟಿ ಹೊರಗೆ ಚಾಚಿಕೊಂಡಿದೆಯಾ?

ಹಳೇಪ್ರಿಂಟ್
ಪಕ್ಕದಿಂದ ತೆಗೆದ ಫೋಟೋ ಸಾರ್. ಅಗಲ ಗೊತ್ತಾಗುವುದಿಲ್ಲ. ಈಚೆ ಫಿನ್‌ನ ಕೆಳಭಾಗದಲ್ಲಿ ಅಡ್ಡಕ್ಕೆ ಒಂದು ಗೀರು ಬಿದ್ದಿದೆ, ಅಷ್ಟೇ.

ಜೂಮ್‌ಮಾಸ್ಟರ್
ನಾನು ನಿಮ್ಮ ಫೋಟೋವನ್ನು ಎಐ ಆ್ಯಪ್‌ಗೆ ಹಾಕಿದೆ. ಸೂಪರ್ ಆಗಿ ಬಂತು! ಐದೂ ಅಂಕಿ ಸ್ಪಷ್ಟ. ಆ ಗೀರೂ ಮಾಯ. ಕೆಳಗೆ ಹಾಕಿದ್ದೇನೆ, ನೋಡಿ.

ನೆಗೆಟಿವ್‌ಪೆಟ್ಟಿಗೆ
ಜೂಮ್‌ಮಾಸ್ಟರ್ ಅವರೇ, ಬೇಜಾರು ಮಾಡ್ಕೋಬೇಡಿ, ಆ ಚಿತ್ರವನ್ನು ದಯವಿಟ್ಟು ತೆಗೆದುಬಿಡಿ. ಆ್ಯಪ್ ಅಂಕಿಗಳನ್ನು ಓದಿಲ್ಲ. ಬೇರೆ ಸಾವಿರಾರು ಫೋಟೋಗಳಲ್ಲಿ ಅಂಕಿಗಳು ಹೇಗಿರುತ್ತವೆ ಎಂದು ನೋಡಿ ಇಲ್ಲಿ ಹೊಸದಾಗಿ ಬರೆದಿದೆ. ನಿಮ್ಮ ಚಿತ್ರದಲ್ಲಿ ಕೋಟಿನವರ ಮುಖಕ್ಕೂ ಹೊಸ ಕಣ್ಣು ಬಂದಿದೆ, ಗಮನಿಸಿದಿರಾ? ಮೂಲದಲ್ಲಿ ಅಲ್ಲಿ ಟೋಪಿಯ ನೆರಳು ಬಿಟ್ಟರೆ ಏನೂ ಇಲ್ಲ. ನಾಳೆ ಈ ಐದು ಅಂಕಿಯನ್ನು ಯಾರೋ ನಂಬಿ ಎಲ್ಲೋ ಬರೆದಿಡುತ್ತಾರೆ. ಆಮೇಲೆ ಅದನ್ನು ಅಳಿಸುವವರು ಯಾರು?

ಹಳೇಪ್ರಿಂಟ್ ಅವರೇ, ಮೊಬೈಲ್‌ನಲ್ಲಿ ತೆಗೆದದ್ದು ಸಾಲದು. ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಇಟ್ಟು, ಶಾರ್ಪನಿಂಗ್ ಆಫ್ ಮಾಡಿ, ಟಿಫ್ ಆಗಿ ಉಳಿಸಿ. ಕಪ್ಪು-ಬಿಳುಪು ಪ್ರಿಂಟ್ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ಚಿತ್ರ ಯಾವುದು ಎಂದು ಆಗ ಬೇರೆಬೇರೆಯಾಗಿ ಕಾಣುತ್ತದೆ. ಇನ್ನೊಂದು: ಪ್ರಿಂಟನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ಟಾರ್ಚ್ ಓರೆಯಾಗಿ ಬಿಡಿ. ಗೀರು ನಿಜವಾದ ಗೀರಾಗಿದ್ದರೆ ಕಾಗದದ ಮೇಲ್ಮೈಯಲ್ಲಿ ತಗ್ಗು ಹೊಳೆಯುತ್ತದೆ.

ಬೀಚ್‌ಹದಿನೆಂಟು
ಬೀಚ್ 18 ಆಗಲಿ ಅಂತ ಆಸೆ. 1937ರಲ್ಲಿ ಮೊದಲು ಹಾರಿದ್ದು, 30 ವರ್ಷಕ್ಕೂ ಜಾಸ್ತಿ ತಯಾರಾಗುತ್ತಲೇ ಇತ್ತು, 9,000ಕ್ಕೂ ಮೇಲೆ. ಲೆಕ್ಕದ ಪ್ರಕಾರ ಎರಡು ಫಿನ್‌ನ ಯಾವ ಫೋಟೋ ಸಿಕ್ಕಿದರೂ ನಮ್ಮದೇ ಆಗಿರುವ ಸಾಧ್ಯತೆ ಹೆಚ್ಚು!

ರೆಕ್ಕೆಬಾಲ
ಸಾಧ್ಯತೆ ಹೆಚ್ಚು ಎನ್ನುವುದು ಗುರುತಲ್ಲವಲ್ಲ ಸ್ವಾಮಿ. ಗೀರಿನ ವಿಷಯ ತಿಳಿಯುವವರೆಗೆ ಕಾಯೋಣ.

ಹಳೇಪ್ರಿಂಟ್
ಹೊಸ ಸ್ಕ್ಯಾನ್ ಹಾಕಿದ್ದೇನೆ. ಟಾರ್ಚ್ ಬಿಟ್ಟು ನೋಡಿದೆ, ಕಾಗದ ಅಲ್ಲಿ ನುಣ್ಣಗಿದೆ. ಗೀರಲ್ಲ. ದೊಡ್ಡದು ಮಾಡಿದರೆ ಆ ಗೆರೆ ಮುಂದುಗಡೆ ಸ್ವಲ್ಪ ದಪ್ಪ, ಹಿಂದಕ್ಕೆ ಹೋಗ್ತಾ ಸಣ್ಣ. ಅದರ ಕೆಳಗೇ ಫಿನ್ ಮೇಲೆ ಒಂದು ಬೂದು ಪಟ್ಟಿ ಕಾಣುತ್ತದೆ.

ರೆಕ್ಕೆಬಾಲ
ಸಿಕ್ಕಿಬಿತ್ತು! ಆ ಬೂದು ಪಟ್ಟಿ ನೆರಳು. ಆಗಿನ ಕ್ಯಾಮೆರಾದವರು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಹಾಗಾಗಿ ಬಿಸಿಲು ಮೇಲಿನಿಂದ ಈ ಕಡೆಗೇ ಬಿದ್ದಿದೆ. ಗೀರಿಗೆ ನೆರಳು ಬೀಳುವುದಿಲ್ಲ. ಫಿನ್‌ನಿಂದ ಹೊರಗೆ, ನಮ್ಮ ಕಡೆಗೆ, ಏನೋ ಚಾಚಿಕೊಂಡಿದೆ ಎಂದಾಯಿತು. ಮುಂದೆ ದಪ್ಪ ಹಿಂದೆ ಸಣ್ಣ ಅಂದಿರಲ್ಲ, ಅದು ಟೇಲ್‌ಪ್ಲೇನ್‌ನ ತುದಿ, ತುದಿಯ ಕಡೆಯಿಂದಲೇ ಕಂಡದ್ದು.

ಬೀಚ್ 18ರಲ್ಲಿ ಫಿನ್‌ಗಳು ಟೇಲ್‌ಪ್ಲೇನ್‌ನ ಕಟ್ಟಕಡೆಯ ತುದಿಯಲ್ಲಿರುತ್ತವೆ, ಆಚೆಗೆ ಏನೂ ಇಲ್ಲ. ಲಾಕ್‌ಹೀಡ್‌ಗಳಲ್ಲಿ ಫಿನ್ ಸ್ವಲ್ಪ ಒಳಗೆ ನಿಂತು, ಟೇಲ್‌ಪ್ಲೇನ್‌ನ ಮೋಟು ತುದಿ ಹೊರಗೆ ಉಳಿಯುತ್ತದೆ. ಬೀಚ್‌ಹದಿನೆಂಟು ಅವರೇ, ಕ್ಷಮಿಸಿ.

ಬೀಚ್‌ಹದಿನೆಂಟು
ಒಪ್ಪಿದೆ. ಆ ನೆರಳಿನ ಮುಂದೆ ನನ್ನ 9,000 ನಡೆಯುವುದಿಲ್ಲ.

ಮೂಗುನೋಡಿ
ಎರಡು ಫಿನ್ ಯಾಕೆ ಬಂತು ಅನ್ನುವುದೇ ಒಂದು ಕಥೆ. ಲಾಕ್‌ಹೀಡ್ 10 ಎಲೆಕ್ಟ್ರಾದ ಮೊದಲ ನಕ್ಷೆಯಲ್ಲಿ ಫಿನ್ ಒಂದೇ ಇತ್ತು. ಅದರ ಮಾದರಿಯನ್ನು ಮಿಶಿಗನ್ ವಿಶ್ವವಿದ್ಯಾಲಯದ ವಿಂಡ್ ಟನೆಲ್‌ನಲ್ಲಿ ಪರೀಕ್ಷೆಗೆ ಇಟ್ಟಿದ್ದರು. ಅಲ್ಲಿ ಓದುತ್ತಿದ್ದ ಕೆಲ್ಲಿ ಜಾನ್ಸನ್ ಎಂಬ ಹುಡುಗ, ಇದರ ಸ್ಥಿರತೆ ಸರಿಯಿಲ್ಲ ಅಂದ. ಮುಂದೆ ಲಾಕ್‌ಹೀಡ್‌ನಲ್ಲೇ ಕೆಲಸಕ್ಕೆ ಸೇರಿ, ಪರಿಹಾರವಾಗಿ ಎರಡು ಫಿನ್ ಕೂರಿಸಿಕೊಟ್ಟ. ವಿಮಾನ 1934ರ ಫೆಬ್ರವರಿಯಲ್ಲಿ ಹಾರಿತು. ಯು-2, ಎಸ್‌ಆರ್-71 ಬೇಹುವಿಮಾನಗಳ ಹಿಂದೆ ಇದ್ದ ಜಾನ್ಸನ್ ಕೂಡ ಇವನೇ. ನಮ್ಮಂಥವರಿಗೆ ಗುರುತಿನ ಚೀಟಿ ಅವತ್ತೇ ಬರೆದಿಟ್ಟ ಪುಣ್ಯಾತ್ಮ.

ಈಗ 10, 12, 14, 18ರಲ್ಲಿ ಯಾವುದು? 14 ಮತ್ತು 18 ಬಿಡಬಹುದು ಅನ್ನಿಸುತ್ತದೆ. ಅವುಗಳ ಮೈ ಎತ್ತರ, ರೆಕ್ಕೆ ಮೈಯ ತಳದಲ್ಲಲ್ಲ, ಸ್ವಲ್ಪ ಮೇಲೆ, ನಡುಮಟ್ಟಕ್ಕೆ ಸೇರುತ್ತದೆ. ರೆಕ್ಕೆಯ ಹಿಂಬದಿ ಅಂಚಿನಿಂದ ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯಿಂದ ಹೊರಬರುವ ಪಟ್ಟಿ) ಜಾರುವ ಹಳಿಗಳ ಮುಚ್ಚಿಗೆ ಚೂಪಾಗಿ ಹೊರಗೆ ಚಾಚಿರುತ್ತದೆ. 1938ರ ಸೆಪ್ಟೆಂಬರ್ 30ರಂದು ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಹಿಟ್ಲರ್ ಜೊತೆ ಮಾತಾಡಿ ಮ್ಯೂನಿಕ್‌ನಿಂದ ಬಂದಿಳಿದು ಕಾಗದ ಎತ್ತಿ ತೋರಿಸಿದರಲ್ಲ, ಅವತ್ತು ಅವರು ಬಂದದ್ದು 14ರಲ್ಲಿ. ನಿಮ್ಮ ಸ್ಕ್ಯಾನ್‌ನಲ್ಲಿ ರೆಕ್ಕೆ ತಳಕ್ಕೇ ಅಂಟಿದೆ, ಹಿಂಬದಿ ಅಂಚು ನೇರ.

ಹಳೇಪ್ರಿಂಟ್
ಹಾಗಾದರೆ 10 ಅಥವಾ 12. ಹೆಸರಾಂತ ಪೈಲಟ್ ಅಮೀಲಿಯಾ ಎರ್‌ಹಾರ್ಟ್ ಅವರ ವಿಮಾನ 10 ಅಲ್ವಾ?

ರೆಕ್ಕೆಬಾಲ
ಹೌದು, 10ಇ. 1937ರ ಜುಲೈನಲ್ಲಿ ಪೆಸಿಫಿಕ್ ಮೇಲೆ ಕಾಣೆಯಾದದ್ದು. ಆದರೆ ಅದರ ನೋಂದಣಿ ಶುರುವಾಗುವುದು ಎನ್‌ಆರ್ ಎಂದು. ಆಗ ಅಮೆರಿಕದಲ್ಲಿ ಎನ್ ಆದ ಮೇಲಿನ ಅಕ್ಷರ ವಿಮಾನದ ವರ್ಗ ಹೇಳುತ್ತಿತ್ತು: ಸಿ ಅಂದರೆ ವಾಣಿಜ್ಯ ದರ್ಜೆ, ಎಕ್ಸ್ ಅಂದರೆ ಪ್ರಾಯೋಗಿಕ, ಆರ್ ಅಂದರೆ ನಿರ್ಬಂಧಿತ ಬಳಕೆ. ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ದಾಟಿದ ವಿಮಾನದ ಮೇಲೆ ಎನ್-ಎಕ್ಸ್-211 ಎಂದಿರುವುದು ಅದಕ್ಕೇ. ಯಾಕೆ ಹೇಳ್ತಿದೀನಿ ಅಂದ್ರೆ, ಎರಡು ಫಿನ್‌ನ ಲಾಕ್‌ಹೀಡ್ ಸಿಕ್ಕ ತಕ್ಷಣ ಎಲ್ಲರಿಗೂ ಎರ್‌ಹಾರ್ಟ್ ನೆನಪಾಗುತ್ತಾರೆ. ಮಾಡೆಲ್ 10 ತಯಾರಾದದ್ದು 149, ಮಾಡೆಲ್ 12 ತಯಾರಾದದ್ದು 130. ಅವುಗಳಲ್ಲಿ ಪ್ರಸಿದ್ಧವಾದದ್ದು ನಿಮ್ಮ ಕೈಗೇ ಬರಬೇಕಾಗಿಲ್ಲ.

10 ಮತ್ತು 12 ಬೇರೆ ಮಾಡಲು ಅಳತೆಗೋಲು ಬೇಕು. 10ಎ, 12ಎ ಎರಡಕ್ಕೂ ಪ್ರಾಟ್ ಅಂಡ್ ವಿಟ್ನಿಯ ಒಂದೇ ಎಂಜಿನ್, ವಾಸ್ಪ್ ಜೂನಿಯರ್. ಬೀಚ್ 18ರಲ್ಲೂ ಹೆಚ್ಚಾಗಿ ಅದೇ. ಎಂಜಿನ್ ಒಂದೇ ಆದರೆ ಕೌಲಿಂಗ್‌ನ ವ್ಯಾಸವೂ ಹೆಚ್ಚುಕಡಿಮೆ ಒಂದೇ. ಅದನ್ನೇ ಕೋಲಾಗಿ ಇಟ್ಟುಕೊಂಡು ಮೈಯ ಉದ್ದ ಅಳೆಯಿರಿ.

ನೆಗೆಟಿವ್‌ಪೆಟ್ಟಿಗೆ
ಉಪಾಯ ಚೆನ್ನಾಗಿದೆ, ಇಲ್ಲಿ ನಡೆಯುವುದಿಲ್ಲ. 10ರ ಉದ್ದ 11.8 ಮೀಟರ್, 12ರದ್ದು 11.1. ವ್ಯತ್ಯಾಸ ನೂರಕ್ಕೆ ಆರರಷ್ಟು. ಈಚೆ ಎಂಜಿನ್ ಮೈಗಿಂತ ಎರಡು ಮೀಟರ್ ಕ್ಯಾಮೆರಾಗೆ ಹತ್ತಿರ ಇದೆ. ಕ್ಯಾಮೆರಾ 20 ಮೀಟರ್ ದೂರದಲ್ಲಿದ್ದರೂ ಆ ಎಂಜಿನ್ ನೂರಕ್ಕೆ ಹತ್ತರಷ್ಟು ದೊಡ್ಡದಾಗಿ ಕಾಣುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸಕ್ಕಿಂತ ತಪ್ಪೇ ದೊಡ್ಡದು. ಕೋಟಿನವರನ್ನು ಅಳತೆಗೆ ಇಟ್ಟುಕೊಂಡರಂತೂ ಇನ್ನೂ ಕಷ್ಟ, ಅವರು ಇನ್ನೂ ಹತ್ತಿರ ನಿಂತಿದ್ದಾರೆ.

ರೆಕ್ಕೆಬಾಲ
ಒಪ್ಪುತ್ತೇನೆ. ಹಾಗಾದರೆ ಅಳತೆ ಬಿಟ್ಟು ಎಣಿಕೆಗೆ ಬರೋಣ. 10ರಲ್ಲಿ ಹತ್ತು ಪ್ರಯಾಣಿಕರು, ಎರಡು ಸಾಲು, ಸಾಲಿಗೆ ಐದು ಸೀಟು. ಕಿಟಕಿಗಳ ಸಾಲೂ ಉದ್ದ. 12ರಲ್ಲಿ ಆರೇ ಜನ. ಕಿಟಕಿ ಕಡಿಮೆ, ಮೈ ಕುಳ್ಳಗೆ ಗಿಡ್ಡಗೆ ಕಾಣುತ್ತದೆ. ಹಳೇಪ್ರಿಂಟ್ ಅವರೇ, ಕೋಟಿನವರ ಎಡಕ್ಕೆಷ್ಟು, ಬಲಕ್ಕೆಷ್ಟು?

ಹಳೇಪ್ರಿಂಟ್
ಎಡಕ್ಕೆ ಒಂದು ಪೂರ್ತಿ ಕಿಟಕಿ. ಬಲಕ್ಕೆ ಬಾಗಿಲು, ಅದರಲ್ಲಿ ಒಂದು ಕಿಟಕಿ. ಅವರ ಹೆಗಲು ಮುಚ್ಚಿರುವ ಜಾಗದಲ್ಲಿ ಹೆಚ್ಚೆಂದರೆ ಒಂದು ಹಿಡಿಸಬಹುದು. ಎರಡಕ್ಕೆ ಜಾಗವೇ ಇಲ್ಲ.

ಮೂಗುನೋಡಿ
12 ಕಡೆಗೆ ನನ್ನ ಓಟು.

ರೆಕ್ಕೆಬಾಲ
ನನ್ನದೂ. 12 ಮೊದಲು ಹಾರಿದ್ದು 1936ರ ಜೂನ್‌ನಲ್ಲಿ. ಎನ್ ಜೊತೆಗಿನ ಸಿ ಅಕ್ಷರ 1948ರ ಕೊನೆಯ ಹೊತ್ತಿಗೆ ಬಳಕೆಯಿಂದ ಹೋಯಿತು. ಅಂದರೆ ಫೋಟೋ ಈ ಎರಡರ ನಡುವಿನದು. ಬಣ್ಣ ಅಳಿಸಲು ತಡ ಮಾಡಿದವರು ಇದ್ದೇ ಇರುತ್ತಾರೆ, ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ.

ಹೊಸಬಳು
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಪ್ರಿಂಟ್ ಉಲ್ಟಾ ಆಗಿದ್ದರೆ? ನೆಗೆಟಿವ್ ಮಗುಚಿ ಹಾಕಿದರೆ ಎಡ ಬಲ ಆಗುತ್ತದಲ್ಲ?

ನೆಗೆಟಿವ್‌ಪೆಟ್ಟಿಗೆ
ಒಳ್ಳೇ ಪ್ರಶ್ನೆ ಮೇಡಂ, ಆಗಾಗ ಆಗುವಂಥದ್ದೇ. ಇಲ್ಲಿ ಬಾಲದ ಅಕ್ಷರ ನೇರ ಓದಲು ಬರುವುದರಿಂದ ಚಿಂತೆ ಇಲ್ಲ. ಅಕ್ಷರವೇ ಇಲ್ಲದಿದ್ದರೆ ಮನುಷ್ಯರನ್ನು ನೋಡಿ. ಗಂಡಸರ ಕೋಟಿನಲ್ಲಿ ಎಡಮಗ್ಗುಲು ಮೇಲೆ ಬರುತ್ತದೆ, ಎದೆ ಜೇಬು ಎಡಕ್ಕಿರುತ್ತದೆ. ನಿಮ್ಮ ಫೋಟೋದಲ್ಲಿ ಅದು ಅವರ ಬಲಕ್ಕಿದ್ದರೆ ಅನುಮಾನ ಪಡಿ. ವಿಮಾನದಲ್ಲೂ ಸುಳಿವು ಇರುತ್ತದೆ. ಬ್ರಿಟಿಷರ ಯುದ್ಧವಿಮಾನ ಸ್ಪಿಟ್‌ಫೈರ್‌ನ ಶುರುವಿನ ಮಾದರಿಗಳಲ್ಲಿ ದೊಡ್ಡ ರೇಡಿಯೇಟರ್ ಬಲರೆಕ್ಕೆಯ ಅಡಿ, ಎಡದ ಅಡಿ ಆಯಿಲ್ ಕೂಲರ್‌ನ ಸಣ್ಣ ಕೊಳವೆ ಮಾತ್ರ. ಎದುರಿನಿಂದ ತೆಗೆದ ಫೋಟೋದಲ್ಲಿ ಇದು ಅದಲುಬದಲಾಗಿ ಕಂಡರೆ ಪ್ರಿಂಟ್ ಮಗುಚಿದೆ ಎಂದೇ ಅರ್ಥ. ಮಾರ್ಕ್ 9ರ ಹೊತ್ತಿಗೆ ಎರಡೂ ಕಡೆ ಒಂದೇ ಥರ ಆಯಿತು, ಅಲ್ಲಿ ಈ ಉಪಾಯ ನಡೆಯದು.

ಹೊಸಬಳು
ಥ್ಯಾಂಕ್ಸ್! ಹಾಗಾದರೆ ನನ್ನದೂ ಒಂದು ಕೇಳ್ತೀನಿ. ಎರಡು ರೆಕ್ಕೆಯ ಸಣ್ಣ ಬೈಪ್ಲೇನ್, ತೆರೆದ ಸೀಟು ಎರಡು. ಮೈಮೇಲೆ ಬ್ರಿಟಿಷರ ವೃತ್ತದ ಚಿಹ್ನೆ. ಆದರೆ ಬಣ್ಣ ವಿಚಿತ್ರ. ನಡುವಿನ ಬೊಟ್ಟು ಕಪ್ಪು, ಅದರ ಸುತ್ತ ಬಿಳಿ, ಆಮೇಲೆ ತೆಳು ಬೂದು, ಕಟ್ಟಕಡೆಗೆ ಮತ್ತೆ ಕಪ್ಪು ಬಳೆ. ಬ್ರಿಟಿಷರದ್ದು ಹೊರಗೆ ನೀಲಿ, ನಡುವೆ ಕೆಂಪು ಅಲ್ವಾ? ಬೇರೆ ದೇಶದ್ದಾ?

ನೆಗೆಟಿವ್‌ಪೆಟ್ಟಿಗೆ
ದೇಶ ಬೇರೆ ಅಲ್ಲ ಮೇಡಂ, ಫಿಲ್ಮ್ ಬೇರೆ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಆಗ ಆರ್ಥೋಕ್ರೊಮ್ಯಾಟಿಕ್ ಎಂಬ ಫಿಲ್ಮ್ ತುಂಬಾ ಬಳಕೆಯಲ್ಲಿತ್ತು. ಅದಕ್ಕೆ ಕೆಂಪು ಬೆಳಕು ಕಾಣುವುದೇ ಇಲ್ಲ. ನೀಲಿ ಮಾತ್ರ ಜಾಸ್ತಿ ಕಾಣುತ್ತದೆ. ಹಾಗಾಗಿ ಪ್ರಿಂಟ್‌ನಲ್ಲಿ ಕೆಂಪು ಕಪ್ಪಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಹಳದಿಯೂ ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಗೆ ಬರುತ್ತದೆ. ಕೊಡಕ್‌ನ ವೆರಿಕ್ರೋಮ್ 1931ರಲ್ಲಿ ಬಂದದ್ದು ಈ ಜಾತಿಯದೇ. ಎಲ್ಲ ಬಣ್ಣ ಹಿಡಿಯುವ ವೆರಿಕ್ರೋಮ್ ಪ್ಯಾನ್ ಅದರ ಜಾಗಕ್ಕೆ ಬಂದದ್ದು 1956ರಲ್ಲಿ. ನಡುವಿನ ಇಷ್ಟು ವರ್ಷ ಹವ್ಯಾಸಿಗಳು ತೆಗೆದ ಎಷ್ಟೋ ಫೋಟೋಗಳಲ್ಲಿ ಬಣ್ಣ ಹೀಗೆ ಅಡ್ಡಾದಿಡ್ಡಿ.

ಈಗ ನಿಮ್ಮ ಚಿಹ್ನೆಯನ್ನು ಮತ್ತೆ ಓದಿ. ನಡುವಿನ ಕಪ್ಪು ಅಂದರೆ ಕೆಂಪು. ತೆಳು ಬೂದು ಅಂದರೆ ನೀಲಿ. ಹೊರಗಿನ ಕಪ್ಪು ಬಳೆ ಹಳದಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳ ಮೈಮೇಲಿನ ಚಿಹ್ನೆಗೆ ಹೊರಗಡೆ ಹಳದಿ ಬಳೆ ಇರುತ್ತಿತ್ತು. ಅಂದರೆ ನಿಮ್ಮದು ಯುದ್ಧಕಾಲದ ಫೋಟೋ ಇರಬೇಕು. ಬೇರೆ ಫಿಲ್ಮ್‌ನಲ್ಲಿ ಇದೇ ವಿಮಾನ ತೆಗೆದಿದ್ದರೆ ನೀಲಿ ಕಪ್ಪಗೆ, ಹಳದಿ ಬೆಳ್ಳಗೆ ಬರುತ್ತಿತ್ತು. ಅದಕ್ಕೇ ಕಪ್ಪು-ಬಿಳುಪು ಫೋಟೋ ನೋಡಿ "ಈ ವಿಮಾನ ಗಾಢ ಬಣ್ಣದ್ದು" ಎಂದು ಯಾರಾದರೂ ಹೇಳಿದರೆ, ಮೊದಲು ಚಿಹ್ನೆಯಲ್ಲಿ ಕೆಂಪು ನೀಲಿ ಹೇಗೆ ಬಂದಿವೆ ಎಂದು ನೋಡಿ, ಆಮೇಲೆ ನಂಬಿ.

ಮೂಗುನೋಡಿ
ಚಿಹ್ನೆಗಳು ಕಾಲ ಹೇಳುವುದರಲ್ಲಿ ಉಸ್ತಾದ್. ಅಮೆರಿಕದ ನಕ್ಷತ್ರ ನೋಡಿ: ನಡುವಿನ ಕೆಂಪು ಬೊಟ್ಟು 1942ರಲ್ಲಿ ಹೋಯಿತು, ಜಪಾನಿನ ಕೆಂಪು ವೃತ್ತ ಎಂದು ತಮ್ಮವರೇ ಗುಂಡು ಹಾರಿಸಬಾರದಲ್ಲ. ಎರಡು ಪಕ್ಕದ ಬಿಳಿ ಪಟ್ಟಿ 1943ರಲ್ಲಿ ಬಂತು. ಆ ಪಟ್ಟಿಯ ನಡುವೆ ಕೆಂಪು ಗೆರೆ 1947ರಲ್ಲಿ. ರೆಕ್ಕೆಯ ಸುತ್ತ ಕಪ್ಪು-ಬಿಳಿ ದಪ್ಪ ಪಟ್ಟೆಗಳಿದ್ದರೆ 1944ರ ಜೂನ್, ನಾರ್ಮಂಡಿ ದಾಳಿಯ ಹೊತ್ತಿನದು.

ಹೊಸಬಳು ಮೇಡಂ, ಬೈಪ್ಲೇನ್‌ಗೆ ಬರೋಣ. ಮೂಗಿನ ಮೇಲ್ಭಾಗ ನುಣ್ಣಗಿದೆಯಾ, ಅಥವಾ ಸಿಲಿಂಡರ್‌ಗಳ ತಲೆ ಮೇಲೆ ಎದ್ದು ಕಾಣುತ್ತದೆಯಾ?

ಹೊಸಬಳು
ನುಣ್ಣಗಿದೆ, ಮುಂದಕ್ಕೆ ಇಳಿಜಾರು. ಮೇಲಿನ ರೆಕ್ಕೆಯ ನಡುವೆ ಏನೋ ಉಬ್ಬಿದ ಹಾಗಿದೆ.

ಮೂಗುನೋಡಿ
ಉಬ್ಬು ಪೆಟ್ರೋಲ್ ಟ್ಯಾಂಕ್. ಬ್ರಿಟನ್‌ನ ಡಿ ಹ್ಯಾವಿಲೆಂಡ್ ಕಂಪನಿಯ ಮಾಥ್ ವಿಮಾನಗಳಲ್ಲಿ ಒಂದು ಎಂದಾಯಿತು. 1925ರಲ್ಲಿ ಶುರುವಾದ ಮಾಥ್, ಆಮೇಲಿನ ಜಿಪ್ಸಿ ಮಾಥ್, ಇವುಗಳ ಎಂಜಿನ್ ನೆಟ್ಟಗೆ ನಿಂತದ್ದು, ಸಿಲಿಂಡರ್ ತಲೆಗಳು ಮೂಗಿನ ಮೇಲೆ ಇಣುಕುತ್ತವೆ, ಪಕ್ಕದಲ್ಲಿ ಉದ್ದಕ್ಕೂ ಎಕ್ಸಾಸ್ಟ್ ಪೈಪ್. 1931ರ ಟೈಗರ್ ಮಾಥ್‌ನಲ್ಲಿ ಎಂಜಿನ್ ತಲೆಕೆಳಗು. ಅದಕ್ಕೇ ಮೇಲೆ ನುಣುಪು, ಪೈಲಟ್‌ಗೆ ಮುಂದಿನ ನೋಟ ಸಲೀಸು.

ಇಷ್ಟಕ್ಕೇ ಟೈಗರ್ ಎಂದು ಬರೆದುಬಿಡಬೇಡಿ, ಮಾಥ್ ಮೇಜರ್‌ನಲ್ಲೂ ಎಂಜಿನ್ ತಲೆಕೆಳಗೇ. ರೆಕ್ಕೆ ನೋಡಿ. ಟೈಗರ್‌ನ ರೆಕ್ಕೆಗಳು ಹಿಂದಕ್ಕೆ ಓರೆಯಾಗಿವೆ. ಮುಂದಿನ ಸೀಟಿನವರು ಪ್ಯಾರಾಚೂಟ್ ಕಟ್ಟಿಕೊಂಡು ಆಚೆ ಬರಲು ಮೇಲಿನ ರೆಕ್ಕೆ ಅಡ್ಡ ಬರುತ್ತಿತ್ತು. ಅದಕ್ಕೆ ನಡುಭಾಗವನ್ನು ಮುಂದಕ್ಕೆ ತಳ್ಳಿದರು. ಆಗ ತೂಕದ ಲೆಕ್ಕ ತಪ್ಪುತ್ತದೆ, ಸರಿ ಮಾಡಲು ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಮೇಜರ್‌ನ ರೆಕ್ಕೆ ನೇರ.

ಹೊಸಬಳು
ಓರೆಯಾಗೇ ಇದೆ! ಮೇಲಿನದರಲ್ಲಂತೂ ಚೆನ್ನಾಗಿ ಗೊತ್ತಾಗುತ್ತದೆ.

ಮೂಗುನೋಡಿ
ಟೈಗರ್ ಮಾಥ್. ಧೈರ್ಯವಾಗಿ ಬರೆಯಿರಿ.

ಜೂಮ್‌ಮಾಸ್ಟರ್
ಚಿತ್ರ ತೆಗೆದಿದ್ದೇನೆ. ಆದರೆ ಒಂದು ಮಾತು. ನೋಂದಣಿ ಸಂಖ್ಯೆ ಪೂರ್ತಿ ಸಿಕ್ಕಿದ್ದರೆ ಇಷ್ಟೆಲ್ಲ ಕಸರತ್ತು ಬೇಕಿರಲಿಲ್ಲ ಅಲ್ವಾ? ಪಟ್ಟಿ ನೋಡಿದರೆ ಮುಗೀತು.

ರೆಕ್ಕೆಬಾಲ
ಅಷ್ಟು ಸುಲಭ ಇಲ್ಲ. ಅಮೆರಿಕದಲ್ಲಿ ಒಂದು ವಿಮಾನ ಹಾಳಾದ ಮೇಲೆ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡುವುದುಂಟು. ಒಂದೇ ವಿಮಾನ ದೇಶ ಬದಲಿಸಿದರೆ ಅಕ್ಷರಗಳೇ ಬೇರೆ. ನಿಯಮ ಬದಲಾದರೂ ಅಷ್ಟೇ. ಆಸ್ಟ್ರೇಲಿಯಾದ ವಿಮಾನಗಳು ಮೊದಲು ಜಿ-ಎಯು ಎಂದು ಶುರುವಾಗುತ್ತಿದ್ದವು, ಆಮೇಲೆ ವಿಎಚ್ ಬಂತು. ಕಿಂಗ್ಸ್‌ಫರ್ಡ್ ಸ್ಮಿತ್ 1928ರಲ್ಲಿ ಪೆಸಿಫಿಕ್ ದಾಟಿದ ಫೋಕರ್ ಹಾರಿದ್ದು ಅಮೆರಿಕದ ಸಂಖ್ಯೆಯಲ್ಲಿ, ಆಮೇಲೆ ಜಿ-ಎಯುಎಸ್‌ಯು ಆಯಿತು, ಕೊನೆಗೆ ವಿಎಚ್-ಯುಎಸ್‌ಯು. ವಿಮಾನ ಒಂದೇ, ಹೆಸರು ಮೂರು. ಬದಲಾಗದೆ ಉಳಿಯುವುದು ಕಾರ್ಖಾನೆಯ ಕ್ರಮಸಂಖ್ಯೆ ಮಾತ್ರ, ಅದು ಫೋಟೋದಲ್ಲಿ ಕಾಣುವುದಿಲ್ಲ.

ನೆಗೆಟಿವ್‌ಪೆಟ್ಟಿಗೆ
ಸಿನಿಮಾ ವೇಷಗಳನ್ನೂ ಸೇರಿಸಿ. 1968ರ ಸುಮಾರಿನಲ್ಲಿ ಯುದ್ಧದ ಸಿನಿಮಾ ಚಿತ್ರೀಕರಣಕ್ಕೆ ಸ್ಪೇನ್‌ನ ಬುಚೋನ್ ಎಂಬ ಯುದ್ಧವಿಮಾನಗಳಿಗೆ ಜರ್ಮನ್ ಬಣ್ಣ ಬಳಿದು ಜರ್ಮನರ ಮೆಸರ್‌ಶ್ಮಿಟ್ 109 ಎಂದು ಹಾರಿಸಿದರು. ಮೈ 109ರದ್ದೇ, ಎಂಜಿನ್ ಮಾತ್ರ ಬ್ರಿಟಿಷರ ಮರ್ಲಿನ್. ಆ ಫೋಟೋಗಳು ಈಗಲೂ "ಯುದ್ಧಕಾಲದ ಅಪರೂಪದ ಚಿತ್ರ" ಎಂದು ಸುತ್ತುತ್ತಿವೆ. ಎಕ್ಸಾಸ್ಟ್ ನೋಡಿದರೆ ಸಾಕು. ಅಸಲಿ 109ರ ಎಂಜಿನ್ ತಲೆಕೆಳಗು, ಎಕ್ಸಾಸ್ಟ್ ಸಾಲು ಮೂಗಿನ ಕೆಳಭಾಗದಲ್ಲಿ. ಮರ್ಲಿನ್ ನೆಟ್ಟಗೆ, ಅದರ ಸಾಲು ಮೇಲೆ.

ಹಳೇಪ್ರಿಂಟ್
ನನ್ನ ಪ್ರಿಂಟ್‌ಗೆ ಹೀಗೆ ಬರೆಯಲಾ? "ಲಾಕ್‌ಹೀಡ್ 12, ಎನ್‌ಸಿ1 ಮುಂದಿನ ಅಂಕಿ ಅಸ್ಪಷ್ಟ, 1936ರಿಂದ 1948ರ ನಡುವೆ."

ರೆಕ್ಕೆಬಾಲ
"ಬಹುಶಃ" ಸೇರಿಸಿ. ಟೇಲ್‌ಪ್ಲೇನ್ ನೋಡಿ ಲಾಕ್‌ಹೀಡ್ ಎಂದದ್ದು ಖಚಿತ, ಕಿಟಕಿ ಎಣಿಸಿ 12 ಎಂದದ್ದು ಊಹೆ. ಎರಡನ್ನೂ ಬೇರೆಬೇರೆ ವಾಕ್ಯದಲ್ಲಿ ಬರೆದು, ಯಾಕೆ ಹಾಗಂದಿರಿ ಅನ್ನುವುದನ್ನೂ ಒಂದು ಸಾಲು ಹಾಕಿ. ನಾಳೆ ಇದೇ ವಿಮಾನದ ಇನ್ನೊಂದು ಫೋಟೋ ಸಿಕ್ಕವರು ಅಲ್ಲಿಂದ ಮುಂದುವರಿಸಬಹುದು. ಹಿಂಬದಿಯ "ಡಿಸಿ-3" ಅಳಿಸಬೇಡಿ, ಅದೂ ದಾಖಲೆಯೇ.

ಹೊಸಬಳು
ಇನ್ನೊಂದೇ ಒಂದು ಕೇಳಲಾ? ಮೂರು ಎಂಜಿನ್, ಒಂದು ಮೂಗಿನಲ್ಲೇ ಇದೆ…

ಮೂಗುನೋಡಿ
ರೆಕ್ಕೆ ಮೇಲಿದೆಯಾ ಕೆಳಗಿದೆಯಾ, ಮೈ ಸುಕ್ಕುಸುಕ್ಕು ತಗಡಾ ನುಣ್ಣಗಾ, ಇಷ್ಟು ನೋಡಿ. ಕೆಳಗೆ ರೆಕ್ಕೆ, ಸುಕ್ಕು ತಗಡು ಅಂದರೆ ಜಂಕರ್ಸ್ 52 ಇರಬೇಕು. ಅದರ ಪಕ್ಕದ ಎರಡು ಎಂಜಿನ್ ಸ್ವಲ್ಪ ಹೊರಕ್ಕೆ ಮುಖ ಮಾಡಿರುತ್ತವೆ. ಮೇಲೆ ರೆಕ್ಕೆ, ಸುಕ್ಕು ತಗಡು ಅಂದರೆ ಫೋರ್ಡ್. ಮೇಲೆ ರೆಕ್ಕೆ, ಮೈಗೆ ಬಟ್ಟೆ ಅಂದರೆ ಫೋಕರ್ ಕಡೆ ಹುಡುಕಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ ಮೇಡಂ, ಇಲ್ಲೇ ಹಾಕಿದರೆ ಲಾಕ್‌ಹೀಡ್ ಹುಡುಕಿ ಬಂದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಸ್ಕ್ಯಾನ್ 1200 ಡಿಪಿಐ ಇರಲಿ.